ಬಿಗಿನರ್ ಪ್ರೊಟೆಕ್ಷನ್ ಮುಗಿದ ಗಂಟೆಗೇ ಅಟ್ಯಾಕ್: ಯಾರೋ ಗೊತ್ತಿಲ್ಲ, ಹಳ್ಳಿ ಉಳಿಸ್ಕೊಳ್ಳೋದು ಹೇಗೆ?

ಕಲ್ಪತರು_ಹುಡುಗ (ತುಮಕೂರು)

ಟ್ರೈಬಲ್ ವಾರ್ಸ್ ಅನ್ನೋ ಆನ್‌ಲೈನ್ ಯುದ್ಧದ ಗೇಮ್‌ಗೆ ಹೊಸಬ ನಾನು. ಸ್ಪೀಡ್ 1 ವರ್ಲ್ಡ್ (ಗೇಮ್ ಸರ್ವರ್), ಒಂದೇ ಹಳ್ಳಿ, 310 ಪಾಯಿಂಟ್. ಹೊಸಬರ ಮೇಲೆ ಯಾರೂ ಅಟ್ಯಾಕ್ ಮಾಡದ ಹಾಗೆ ಇರೋ ಪ್ರೊಟೆಕ್ಷನ್ ಮುಗಿದ ರಾತ್ರಿಯಿಂದಲೇ ಒಬ್ಬ ಬಂದು ಬಂದು ವೇರ್‌ಹೌಸ್ (ಮರ, ಮಣ್ಣು, ಕಬ್ಬಿಣದ ಗೋದಾಮು) ಗುಡಿಸಿಕೊಂಡು ಹೋಗ್ತಿದ್ದಾನೆ. ಹೆಸರು ಬರೀ ಅಕ್ಷರ ಅಂಕಿ ಕಲಸಿದ್ದು, ಪ್ರೊಫೈಲ್ ಖಾಲಿ, ಟ್ರೈಬ್ (ಆಟಗಾರರ ಗುಂಪು) ಇಲ್ಲ, ಮೆಸೇಜಿಗೆ ಉತ್ತರ ಇಲ್ಲ. ಈಗ ಇನ್ನೊಂದು ಅದೇ ಥರದ ಹೆಸರಿಂದ ಅಟ್ಯಾಕ್ ಹೊರಟಿದೆ.

ನನ್ನ ಹತ್ರ ಇರೋದು: ಸ್ಪಿಯರ್ (ಈಟಿ ಹಿಡಿದ ಕಾಲಾಳು) 60, ಆಕ್ಸ್ (ಕೊಡಲಿ ಹಿಡಿದ ಕಾಲಾಳು) 40, ಗೋಡೆ ಲೆವೆಲ್ 1, ಹೈಡಿಂಗ್ ಪ್ಲೇಸ್ (ಸಾಮಾನು ಅಡಗಿಸೋ ಜಾಗ) ಲೆವೆಲ್ 1. ಕಾಡ್ತಿರೋ ಪ್ರಶ್ನೆ ಮೂರು. ಇವನು ಯಾರು ಅಂತ ಪತ್ತೆ ಮಾಡೋಕಾಗುತ್ತಾ? ಬರ್ತಿರೋ ಅಟ್ಯಾಕಲ್ಲಿ ಏನಿದೆ ಅಂತ ಮೊದಲೇ ತಿಳಿಯೋ ದಾರಿ ಇದ್ಯಾ? ಹಾಸ್ಟೆಲಿನಲ್ಲಿ ಇನ್ನಿಬ್ಬರು ಇದೇ ವರ್ಲ್ಡ್ ಆಡ್ತಾರೆ, ಒಂದೇ ವೈಫೈ. ಅವರ ಪಡೆ ನನ್ನ ಹಳ್ಳಿಗೆ ಕರೆಸಬಹುದಾ?

ಅಂತರಗಂಗೆ (ಕೋಲಾರ)

ಯಾರು ಅನ್ನೋದನ್ನ ಬಿಟ್ಬಿಡು ಗುರು. ಗೊತ್ತಾದ್ರೂ ಪ್ರಯೋಜನ ಇಲ್ಲ. ಅವನಿಗೆ ನಿನ್ನ ಮೇಲೆ ದ್ವೇಷ ಏನೂ ಇಲ್ಲ, ಕಳಿಸಿದ ಕುದುರೆ ತುಂಬಿಕೊಂಡು ವಾಪಸ್ ಬರುತ್ತಾ ಅನ್ನೋ ಲೆಕ್ಕ ಅಷ್ಟೇ. ಮೆಸೇಜ್ ಹಾಕಿ ಕೇಳಿಕೊಳ್ಳೋದು ಇನ್ನೂ ಕೆಟ್ಟದ್ದು. ಆನ್‌ಲೈನ್ ಇದ್ದೀನಿ, ಆದ್ರೆ ತಡೆಯೋಕೆ ಬರಲ್ಲ ಅಂತ ನೀನೇ ಹೇಳಿಕೊಟ್ಟ ಹಾಗೆ.

ಪ್ರೊಟೆಕ್ಷನ್ ಮುಗಿದ ಗಂಟೆಗೇ ಬಂದಿದ್ದು ಯಾಕೆ ಅಂದ್ರೆ, ಪ್ರೊಟೆಕ್ಷನ್ ಇರೋ ಹಳ್ಳಿ ಮೇಲೆ ಅಟ್ಯಾಕ್ ಒತ್ತಿದ್ರೆ ಯಾವಾಗಿಂದ ಹೊಡೀಬಹುದು ಅಂತ ಗೇಮೇ ತೋರಿಸುತ್ತೆ. ಸುತ್ತಮುತ್ತ ಇರೋರೆಲ್ಲ ಅದನ್ನ ಬರೆದಿಟ್ಟುಕೊಂಡು ಕಾಯ್ತಾರೆ. ಹೊಸಬರು ಸಾಮಾನ್ಯವಾಗಿ ಎಡವೋದು ಅಲ್ಲೇ: ಆ ದಿನಗಳಲ್ಲಿ ವೇರ್‌ಹೌಸ್ ಏರಿಸ್ತಾರೆ, ಹೈಡಿಂಗ್ ಪ್ಲೇಸ್ ಮರೀತಾರೆ.

ಲೆಕ್ಕ ನೋಡು. ಹೈಡಿಂಗ್ ಪ್ಲೇಸ್ ಲೆವೆಲ್ 1ರಲ್ಲಿ ಮರ, ಮಣ್ಣು, ಕಬ್ಬಿಣ ತಲಾ 150 ಅಡಗುತ್ತೆ. ಲೆವೆಲ್ 3ರಲ್ಲಿ 267, ಲೆವೆಲ್ 5ರಲ್ಲಿ 474, ಲೆವೆಲ್ 10ರಲ್ಲಿ 2000. ನಿನ್ನ ಹತ್ರ ತಲಾ 900 ಇದ್ರೆ ಲೆವೆಲ್ 1ರಲ್ಲಿ ಅವನ ಕೈಗೆ ಸಿಗೋದು 2250. ಲೈಟ್ ಕ್ಯಾವಲ್ರಿ (ಹಗುರ ಕುದುರೆ ಪಡೆ) ಒಂದು 80 ಹೊರುತ್ತೆ, ಅಂದ್ರೆ 29 ಕುದುರೆ ತುಂಬುತ್ತೆ. ಅದೇ ಹಳ್ಳಿಯಲ್ಲಿ ಲೆವೆಲ್ 5 ಇದ್ದು, ತಲಾ 500ಕ್ಕೆ ಖರ್ಚು ಮಾಡಿಟ್ಟಿದ್ರೆ ಸಿಗೋದು 78. ಒಂದು ಕುದುರೆಗೂ ಸಾಲಲ್ಲ. ಒಂದೆರಡು ಸಲ ಖಾಲಿ ಕೈಯಲ್ಲಿ ವಾಪಸ್ ಹೋದ ಮೇಲೆ ಲಿಸ್ಟಿಂದ ನಿನ್ನ ಹಳ್ಳಿ ತೆಗೀತಾನೆ. 5ನೇ ಲೆವೆಲ್‌ವರೆಗೆ ಏರಿಸೋಕೆ ಒಂದೊಂದು ಲೆವೆಲ್ಲಿಗೂ ತಲಾ 150ರ ಒಳಗೇ ಆಗುತ್ತೆ. ಇವತ್ತೇ ಶುರು ಮಾಡು.

ಮಲಗೋ ಮುಂಚೆ ಸಾಮಾನು ಖಾಲಿ ಮಾಡೋದು ಕಲಿ. ಮೊದಲು ಕಟ್ಟಡದ ಎರಡು ಕ್ಯೂ ತುಂಬಿಸು. ಉಳಿದಿದ್ದಕ್ಕೆಲ್ಲ ಬ್ಯಾರಕ್ಸಲ್ಲಿ ಸ್ಪಿಯರ್ ಹಾಕು: ಟ್ರೈನ್ ಆಗೋಕೆ ಆರು ಗಂಟೆ ಹಿಡಿದ್ರೂ ಸಾಮಾನು ಆಗಲೇ ಕಟ್ ಆಗಿರುತ್ತೆ. ಅದಾದ ಮೇಲೂ ಮಿಕ್ಕಿದ್ರೆ ಮಾರ್ಕೆಟ್. ಒಬ್ಬ ಮರ್ಚೆಂಟ್ 1000 ಹಿಡೀತಾನೆ, ಆಫರಲ್ಲಿ ಇಟ್ಟ ಸಾಮಾನನ್ನ ಯಾರೂ ದೋಚೋಕಾಗಲ್ಲ, ಬೆಳಿಗ್ಗೆ ಎದ್ದು ಆಫರ್ ವಾಪಸ್ ತಗೋಬಹುದು. ಮಾರ್ಕೆಟ್ ಕಟ್ಟೋಕೆ ಹೆಡ್‌ಕ್ವಾರ್ಟರ್ಸ್ 3, ವೇರ್‌ಹೌಸ್ 2 ಸಾಕು.

ಸ್ಪಿಯರ್ ವಿಷಯ. ಒಂದಕ್ಕೆ ಮರ 50, ಮಣ್ಣು 30, ಕಬ್ಬಿಣ 10. ಕುದುರೆ ಎದುರು ಅದರ ಡಿಫೆನ್ಸ್ 45, ಕಾಲಾಳು ಎದುರು ಬರೀ 15. 100 ಸ್ಪಿಯರ್, ಗೋಡೆ ಲೆವೆಲ್ 5 ಇರೋ ಹಳ್ಳಿಗೆ 20 ಲೈಟ್ ಕ್ಯಾವಲ್ರಿ ಬಂದ್ರೆ ಲಕ್ ಸೊನ್ನೆ ಅಂತ ಹಿಡಿದು ಇಪ್ಪತ್ತೂ ಸಾಯುತ್ತೆ, ನಿನ್ನವು 30ರ ಆಸುಪಾಸು ಹೋಗುತ್ತೆ. ಅವನಿಗೆ 9500 ಸಾಮಾನು ಲಾಸ್, ನಿನಗೆ 3000ದ ಒಳಗೆ. ಲಕ್ 25% ಮೇಲೆ ಕೆಳಗೆ ಆಡುತ್ತೆ, ಅದನ್ನ ತಲೇಲಿಟ್ಕೋ. ಆಕ್ಸ್ ಮಾತ್ರ ಮನೇಲಿ ಇಟ್ರೆ ದಂಡ: ಅದರ ಡಿಫೆನ್ಸ್ ಕಾಲಾಳಿಗೆ 10, ಕುದುರೆಗೆ 5.

ನಂದಿಬೆಟ್ಟದ_ಗಾಳಿ (ಚಿಕ್ಕಬಳ್ಳಾಪುರ)

ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ. ಎಷ್ಟು ಜನ ಬರ್ತಿದ್ದಾರೆ ಅಂತ ಅಟ್ಯಾಕ್ ಪುಟ ಹೇಳಲ್ಲ. ಆದರೆ ಎಲ್ಲಿಂದ ಹೊರಟಿದೆ, ಎಷ್ಟು ಹೊತ್ತಿಗೆ ಮುಟ್ಟುತ್ತೆ ಎರಡೂ ಇರುತ್ತೆ. ಪಡೆ ಯಾವಾಗಲೂ ತನ್ನಲ್ಲಿರೋ ಅತಿ ನಿಧಾನದ ಯೂನಿಟ್‌ನ ವೇಗದಲ್ಲೇ ನಡೆಯೋದು. ಗುಟ್ಟು ಬಿಚ್ಚೋದು ಇಷ್ಟರಿಂದಲೇ.

ದೂರ ತೆಗೆಯೋದು ಹೈಸ್ಕೂಲಿನ ಪೈಥಾಗರಸ್. ಮ್ಯಾಪಿನ ಕೋಆರ್ಡಿನೇಟ್‌ನಲ್ಲಿ ನಿಮ್ಮ ಹಳ್ಳಿ 512|487, ಅವನದ್ದು 518|495 ಅಂದುಕೊಳ್ಳಿ. ವ್ಯತ್ಯಾಸ 6 ಮತ್ತು 8, ವರ್ಗ ಕೂಡಿಸಿದರೆ 100, ವರ್ಗಮೂಲ 10. ಅಂದರೆ 10 ಫೀಲ್ಡ್ (ಮ್ಯಾಪಿನ ಚೌಕ). ವರ್ಲ್ಡ್ ಸ್ಪೀಡ್, ಯೂನಿಟ್ ಸ್ಪೀಡ್ ಎರಡೂ 1 ಇದ್ದರೆ ಒಂದು ಫೀಲ್ಡ್‌ಗೆ ಸ್ಕೌಟ್ (ಗೂಢಚಾರ) 9 ನಿಮಿಷ, ಲೈಟ್ ಕ್ಯಾವಲ್ರಿ 10, ಹೆವಿ ಕ್ಯಾವಲ್ರಿ 11, ಸ್ಪಿಯರ್ ಮತ್ತು ಆಕ್ಸ್ 18, ಸ್ವೋರ್ಡ್ 22, ರ‍್ಯಾಮ್ ಮತ್ತು ಕ್ಯಾಟಪಲ್ಟ್ 30, ನೋಬಲ್ (ಹಳ್ಳಿಯನ್ನೇ ವಶ ಮಾಡಿಕೊಳ್ಳೋ ಯೂನಿಟ್) 35. ಈ 10 ಫೀಲ್ಡ್ ದಾಟೋಕೆ ಲೈಟ್ ಕ್ಯಾವಲ್ರಿಗೆ 100 ನಿಮಿಷ, ಆಕ್ಸ್‌ಗೆ 180, ರ‍್ಯಾಮ್‌ಗೆ 300.

ನೀವು ಮೊದಲು ನೋಡಿದಾಗ ಇನ್ನೂ ಎಷ್ಟು ಹೊತ್ತು ಉಳಿದಿತ್ತು ಅನ್ನೋದು ಮುಖ್ಯ. 2 ಗಂಟೆ 40 ನಿಮಿಷ ಉಳಿದಿದ್ದರೆ ಅದು 160 ನಿಮಿಷ. ಬರೀ ಕುದುರೆಯಾಗಿದ್ದರೆ 110 ದಾಟೋ ಹಾಗಿಲ್ಲ. ಹಾಗಾದರೆ ಆಕ್ಸ್, ಇಲ್ಲ ಅದಕ್ಕಿಂತ ನಿಧಾನದ್ದು ಏನೋ ಇದೆ. 4 ಗಂಟೆ ಉಳಿದಿದ್ದರೆ ಸ್ವೋರ್ಡ್ ಕೂಡ ಹೊರಗೆ, ರ‍್ಯಾಮ್ ಅಂತಲೇ ಲೆಕ್ಕ. ನೋಬಲ್ ಬಗ್ಗೆ ಈಗಲೇ ಹೆದರಬೇಡಿ. ನೋಬಲ್ ತಯಾರಾಗೋ ಅಕಾಡೆಮಿಗೆ ಹೆಡ್‌ಕ್ವಾರ್ಟರ್ಸ್ 20, ಸ್ಮಿಥಿ 20, ಮಾರ್ಕೆಟ್ 10 ಬೇಕು. ಹೊಸ ವರ್ಲ್ಡ್‌ನ ಮೊದಲ ವಾರಗಳಲ್ಲಿ ಯಾರ ಹತ್ತಿರವೂ ಇರಲ್ಲ.

ತಡವಾಗಿ ನೋಡಿದರೆ ಈ ಲೆಕ್ಕ ಕೈಕೊಡುತ್ತೆ. ಹೊರಟು ಎರಡು ಗಂಟೆಯಾದ ಮೇಲೆ ನೋಡಿದರೆ ಉಳಿದಿರೋ 60 ನಿಮಿಷ ಆಕ್ಸ್‌ದೋ ಸ್ಕೌಟ್‌ದೋ ಹೇಳೋಕೆ ಆಗಲ್ಲ. ಅದಕ್ಕೇ ಅಟ್ಯಾಕ್ ಕಂಡ ತಕ್ಷಣ ಅದರ ಹೆಸರು ಬದಲಿಸಿ, ಉಳಿದ ಸಮಯ ಅಲ್ಲೇ ಬರೆದಿಡಿ.

ಕಲ್ಪತರು_ಹುಡುಗ

ಲೆಕ್ಕ ಹಾಕಿದೆ ಅಣ್ಣಾ. ದೂರ 7 ಫೀಲ್ಡ್, ಕಂಡಾಗ 2 ಗಂಟೆ 2 ನಿಮಿಷ ಉಳಿದಿತ್ತು. ಆಕ್ಸ್ ಬರ್ತಿದೆ ಅಂತಾನಾ? ನನ್ನ 60 ಸ್ಪಿಯರ್ ನಿಲ್ಲುತ್ತಾ?

ನಂದಿಬೆಟ್ಟದ_ಗಾಳಿ

7 × 18 = 126 ನಿಮಿಷ. 122 ಉಳಿದಿತ್ತು ಅಂದರೆ ಹೊರಟ ನಾಲ್ಕು ನಿಮಿಷಕ್ಕೆ ಕಂಡಿದ್ದೀರಿ, ಆಕ್ಸ್ ಇರೋ ಸಾಧ್ಯತೆಯೇ ಹೆಚ್ಚು. ಸ್ವೋರ್ಡ್ 154, ರ‍್ಯಾಮ್ 210, ಅವೂ ಆಗಬಹುದು. ಆದರೆ ಸ್ವೋರ್ಡ್ ಹಾಕಿ ದೋಚೋಕೆ ಬರೋರು ಅಪರೂಪ. 60 ಸ್ಪಿಯರ್ ಕಾಲಾಳಿಗೆ 900 ಡಿಫೆನ್ಸ್, ಅವನು 40 ಆಕ್ಸ್ ತಂದರೂ ಅಟ್ಯಾಕ್ 1600. ನಿಲ್ಲಲ್ಲ. ಪಡೆ ಹೊರಗೆ ಕಳಿಸಿ.

ಡಾಡ್ಜ್, ಅಂದರೆ ಅಟ್ಯಾಕ್ ಮುಟ್ಟೋ ಹೊತ್ತಿಗೆ ಪಡೆ ತಪ್ಪಿಸೋದು, ಹೀಗೆ. ಅಟ್ಯಾಕ್ 21:40:00ಕ್ಕೆ ಮುಟ್ಟುತ್ತೆ ಅಂದುಕೊಳ್ಳಿ. 21:38:00ಕ್ಕೆ ಎಲ್ಲ ಪಡೆಯನ್ನೂ ದೂರದ ಬಾರ್ಬೇರಿಯನ್ (ಯಾವ ಆಟಗಾರನದ್ದೂ ಅಲ್ಲದ) ಹಳ್ಳಿ ಮೇಲೆ ಕಳಿಸಿ, 21:41:00ಕ್ಕೆ ಕ್ಯಾನ್ಸಲ್ ಮಾಡಿ. ಮೂರು ನಿಮಿಷ ಹೋಗಿದ್ದು ಮೂರೇ ನಿಮಿಷದಲ್ಲಿ ವಾಪಸ್, 21:44:00ಕ್ಕೆ ಮನೆಯಲ್ಲಿ. ಕ್ಯಾನ್ಸಲ್‌ಗೆ 10 ನಿಮಿಷದ ಮಿತಿ ಇದೆ. ನಡುವೆ ಕರೆಂಟ್ ಹೋಗಿ ರೂಟರ್ ಆರಿದರೆ ಪಡೆ ಹೊರಟೇ ಹೋಗುತ್ತೆ. ಅದಕ್ಕೆ ಖಾಲಿ ಅಂತ ಗೊತ್ತಿರೋ ಹಳ್ಳಿಯನ್ನೇ ಆರಿಸಿ, ಮೊಬೈಲ್ ಡೇಟಾ ಕೈಯಲ್ಲಿರಲಿ. ಇನ್ನೊಂದು: 21:44ರ ಹೊತ್ತಿಗೆ ಎರಡನೇ ಅಟ್ಯಾಕ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಗೊತ್ತಿದ್ದವರು ಎರಡನ್ನ ಐದು ನಿಮಿಷ ಅಂತರದಲ್ಲಿ ಬಿಡ್ತಾರೆ, ವಾಪಸ್ ಬಂದ ಪಡೆ ಸಿಕ್ಕಿಬೀಳಲಿ ಅಂತಲೇ.

ಶಿರಾ_ಗೇಟ್ (ತುಮಕೂರು)

ವೈಫೈ ವಿಷಯ ಯಾರೂ ಮುಟ್ಟಿಲ್ಲ. ಒಂದೇ ಕನೆಕ್ಷನ್‌ನಿಂದ ಆಡುವವರು ಸೆಟ್ಟಿಂಗ್ಸ್‌ನಲ್ಲಿ ಕನೆಕ್ಷನ್ ಶೇರಿಂಗ್ ಅಂತ ಘೋಷಿಸಬೇಕು. ಘೋಷಿಸಿದ ಮೇಲೆ ಪರಸ್ಪರ ಸಪೋರ್ಟ್, ಸಾಮಾನು ಕಳಿಸುವುದಕ್ಕೆ ತಡೆ ಇರುತ್ತದೆ. ಹಾಸ್ಟೆಲ್ ಗೆಳೆಯರ ಪಡೆ ಕರೆಸುವ ಯೋಚನೆ ಬಿಡಿ. ಘೋಷಿಸದೆ ಕರೆಸಿದರೆ ಮೂರೂ ಅಕೌಂಟ್ ಒಬ್ಬನದೇ ಅಂತ ಬ್ಯಾನ್ ಆಗಬಹುದು. ನೀವು ಆ ಅನಾಮಿಕನ ಮೇಲೆ ಪಡುತ್ತಿರುವ ಅನುಮಾನ ನಿಮ್ಮ ಮೇಲೇ ತಿರುಗುತ್ತದೆ.

ಅವನದು ಎರಡು ಅಕೌಂಟ್ ಅಂತ ಅನಿಸಿದರೆ ಗೇಮ್ ಒಳಗಿನ ಸಪೋರ್ಟ್‌ಗೆ ಟಿಕೆಟ್ ಹಾಕಿ. ಎರಡೂ ಹಳ್ಳಿಯ ಕೋಆರ್ಡಿನೇಟ್, ಎರಡೂ ರಿಪೋರ್ಟ್, ಸರ್ವರ್ ಸಮಯ ಕೊಟ್ಟರೆ ಸಾಕು. ಒಂದೇ ನಿಮಿಷಕ್ಕೆ ಬಂದವು ಎನ್ನುವುದು ಪುರಾವೆಯಲ್ಲ, ಒಂದೇ ಟ್ರೈಬಿನ ಇಬ್ಬರೂ ಹಾಗೆ ಮಾಡಬಹುದು.

ಹೀಗೆ ಸತತ ಹೊಡೆತ ತಿನ್ನುತ್ತಿರುವ ಹೊತ್ತಿನಲ್ಲೇ "ನಮ್ಮ ಟ್ರೈಬಿಗೆ ಬಾ, ಕಾಪಾಡ್ತೀವಿ, ಪಾಸ್‌ವರ್ಡ್ ಕೊಡು" ಅಂತ ಇನ್ನೊಬ್ಬ ಬರುತ್ತಾನೆ. ಟ್ರೈಬ್ ಸೇರುವುದು ಒಳ್ಳೆಯದೇ, ಆದರೆ ಅದಕ್ಕೆ ಪಾಸ್‌ವರ್ಡ್ ಯಾಕೆ? ಊರಿಗೆ ಹೋದಾಗ ನೋಡಿಕೊಳ್ಳಲು ಅಕೌಂಟ್ ಸಿಟಿಂಗ್ ಅಂತ ಗೇಮಿನಲ್ಲೇ ಸೌಲಭ್ಯ ಇದೆ.

ಹಳ್ಳಿ ದೋಚುವುದು ಆಟ, ಅದಕ್ಕೆ ದೂರಿಲ್ಲ. ಆಟದ ಹೊರಗೆ ಫೋನ್ ನಂಬರ್ ಹುಡುಕಿ ಬೆದರಿಸಿದರೆ ಅದು ಬೇರೆ. ಹೆಸರು ಮುಚ್ಚಿಟ್ಟು ಬೆದರಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 351(4)ರಲ್ಲಿ ಹೆಚ್ಚುವರಿಯಾಗಿ ಎರಡು ವರ್ಷದವರೆಗೆ ಶಿಕ್ಷೆ ಇದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧದ ಪೊಲೀಸ್) ಠಾಣೆಗೆ ಹೋಗಿ. ದುಡ್ಡು ಹೋಗಿದ್ದರೆ ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಂತರಗಂಗೆ

ಹೇಳೋಕೆ ಬಿಟ್ಟಿದ್ದು ಎರಡು. ವರ್ಲ್ಡ್ ಸೆಟ್ಟಿಂಗ್ಸಲ್ಲಿ ನೈಟ್ ಬೋನಸ್ ನೋಡು. ಸಾಮಾನ್ಯವಾಗಿ 0:00ರಿಂದ 8:00ರವರೆಗೆ ಡಿಫೆನ್ಸ್ ದುಪ್ಪಟ್ಟು, ಆದರೆ ಅದು ಸರ್ವರ್ ಗಡಿಯಾರದ ರಾತ್ರಿ. ಲಂಡನ್ ಸಮಯದ ಸರ್ವರ್ ಆದ್ರೆ ನಮಗೆ ಚಳಿಗಾಲದಲ್ಲಿ ಬೆಳಿಗ್ಗೆ 5:30ರಿಂದ ಮಧ್ಯಾಹ್ನ 1:30, ಬೇಸಿಗೆಯಲ್ಲಿ 4:30ರಿಂದ 12:30. ನೀನು ಕ್ಲಾಸಲ್ಲಿ ಕೂತಿರುವಾಗ ಹಳ್ಳಿ ಗಟ್ಟಿ, ಹನ್ನೊಂದಕ್ಕೆ ಮಲಗಿದಾಗ ಬಯಲು. ಅಲ್ಲಿಯವರು ಕೆಲಸ ಮುಗಿಸಿ ಲಾಗಿನ್ ಆಗೋದೂ ಅದೇ ಹೊತ್ತಿಗೆ. ಸ್ಕ್ಯಾವೆಂಜಿಂಗ್‌ಗೆ (ಹೊರಗೆ ಸಾಮಾನು ಹೆಕ್ಕೋಕೆ) ಹೋದ ಸ್ಪಿಯರ್ ಮನೆ ಕಾಯಲ್ಲ, ಹಾಗಾಗಿ ಕಾಯೋಷ್ಟು ಪಡೆ ಆದ ಮೇಲೆ ಅದನ್ನ ಹಗಲಿಗೆ ಇಟ್ಟುಕೋ. ಈಗಿರೋ 60 ಹೇಗೂ ನಿಲ್ಲಲ್ಲ, ಅವನ್ನ ರಾತ್ರಿ ಹೊರಗೇ ಅಟ್ಟು, ಜೀವ ಆದ್ರೂ ಉಳಿಯುತ್ತೆ.

ಇನ್ನೊಂದು ಮೊರಾಲ್. ಪಾಯಿಂಟ್ ಮೇಲೆ ಮೊರಾಲ್ ಇರೋ ವರ್ಲ್ಡಲ್ಲಿ 3000 ಪಾಯಿಂಟಿನವನು 300ರವನ ಮೇಲೆ ಬಂದ್ರೆ ಅವನ ಅಟ್ಯಾಕ್ 60% ಮಾತ್ರ ಲೆಕ್ಕಕ್ಕೆ ಬರುತ್ತೆ. ಎಷ್ಟೇ ಅಂತರ ಇದ್ರೂ 30%ಗಿಂತ ಕೆಳಗಿಳಿಯಲ್ಲ. ಪಾಯಿಂಟ್ ಏರಿಸೋಕೆ ಅಂತ ಬೇಡದ ಕಟ್ಟಡ ಕಟ್ಟಬೇಡ. ಗೋಡೆ 5, ಹೈಡಿಂಗ್ ಪ್ಲೇಸ್ 5, ಸ್ಪಿಯರ್ 100, ಆಮೇಲೆ ಸ್ಟೇಬಲ್ (ಕುದುರೆ ಲಾಯ) 3. ಇವತ್ತು ರಾತ್ರಿ ಬರೋದನ್ನ ಡಾಡ್ಜ್ ಮಾಡು, ರಿಪೋರ್ಟ್ ಬಂದ ಮೇಲೆ ಅವನ ಪಡೆ ಎಷ್ಟಿತ್ತು ಅಂತ ಇಲ್ಲಿ ಹಾಕು.