ಸಹಾಯ ಬೇಕು: ಹೋಟೆಲ್ ರೂಮಿಗೆ ಯಾವ ರೇಟ್ ತಗೊಳ್ಳಲಿ?

ಮಗಳ ನಾಮಕರಣಕ್ಕೆ ಧಾರವಾಡದಿಂದ ಅತ್ತೆ, ಮಾವ ಬರುತ್ತಿದ್ದಾರೆ. ಅವರಿಗೆ ಇಲ್ಲೇ ಚಿಕ್ಕಬಳ್ಳಾಪುರದಲ್ಲಿ ರೂಮ್ ನೋಡುತ್ತಿದ್ದೇನೆ. ಒಂದೇ ರೂಮಿಗೆ ಎಷ್ಟೊಂದು ರೇಟ್! ಇಪಿ ಅಂದರೆ ಬರೀ ರೂಮು, ಸಿಪಿಯಲ್ಲಿ ಬೆಳಗಿನ ತಿಂಡಿ ಸೇರಿದೆ, ಎಂಎಪಿಯಲ್ಲಿ ತಿಂಡಿ ಜೊತೆ ಒಂದು ಊಟ. ಇಷ್ಟು ಅರ್ಥವಾಯಿತು. ಊಟ ಹೇಗೂ ಮನೆಯಲ್ಲೇ ಅಲ್ವಾ, ಸಿಪಿ ಸಾಕು.

ಆದರೆ ಸಿಪಿಯಲ್ಲೇ ಮತ್ತೆ ಎರಡು ರೇಟ್ ಇದೆ. ಕಡಿಮೆಯದಕ್ಕೆ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ. ಜಾಸ್ತಿಯದಕ್ಕೆ ಫ್ರೀ ಕ್ಯಾನ್ಸಲೇಶನ್. ಮಾವನವರಿಗೆ ಮಂಡಿನೋವು, ಬರುವ ದಿನ ಹಿಂದೆಮುಂದೆ ಆಗಬಹುದು. ಕಡಿಮೆ ರೇಟಿನಲ್ಲಿ ತಾರೀಖು ಬದಲಾಯಿಸಬಹುದಾ ಅಂತ ಕೇಳಿದರೆ ಹೋಟೆಲ್‌ನವರು ಬುಕಿಂಗ್ ಆ್ಯಪ್‌ನವರನ್ನು ಕೇಳಿ ಅಂತಾರೆ, ಆ್ಯಪ್‌ನವರು ಹೋಟೆಲನ್ನು ಕೇಳಿ ಅಂತಾರೆ. ಶನಿವಾರ, ಭಾನುವಾರ ನಂದಿಬೆಟ್ಟಕ್ಕೆ ಬರುವವರೂ ಜಾಸ್ತಿ, ತಡ ಮಾಡಲು ಭಯ.

ಕಡಿಮೆ ರೇಟಿನ ರೂಮನ್ನು ಕ್ಯಾನ್ಸಲ್ ಮಾಡದೆ, ತಾರೀಖು ಮಾತ್ರ ಬದಲಾಯಿಸಿಕೊಂಡವರು ಯಾರಾದರೂ ಇದ್ದೀರಾ? ಹೋಟೆಲ್‌ನವರು ಒಪ್ಪಿದರಾ, ಇಲ್ಲ ಪೂರ್ತಿ ದುಡ್ಡು ಹೋಯಿತಾ? ದಯವಿಟ್ಟು ತಿಳಿಸಿ.