ಸರ್ಕಾರಿ ಪ್ರಯೋಗಾಲಯದಲ್ಲಿ ಇಂಟರ್ನ್‌ಶಿಪ್ ಪಡೆಯುವುದು ಹೇಗೆ?

ಪ್ರಶ್ನೆ:
ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ 6ನೇ ಸೆಮಿಸ್ಟರ್‌ನಲ್ಲಿ ಓದುತ್ತಿದ್ದೇನೆ. ಕಾಂಪೊಸಿಟ್ ವಸ್ತುಗಳ (ನಾರು ಮತ್ತು ರಾಳದಂಥ ಬೇರೆ ಬೇರೆ ವಸ್ತುಗಳನ್ನು ಸೇರಿಸಿ ಮಾಡಿದವು) ಬಗ್ಗೆ ಕೆಲಸ ಮಾಡುವ ಯಾವುದಾದರೂ ಸರ್ಕಾರಿ ಪ್ರಯೋಗಾಲಯದಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಮಾಡಿ, ಮುಂದೆ ಅಲ್ಲಿಯೇ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋ) ಆಗಿ ಸೇರಬೇಕೆಂಬ ಆಸೆಯಿದೆ. ಇಪ್ಪತ್ತು ವಿಜ್ಞಾನಿಗಳಿಗೆ ಇಮೇಲ್ ಕಳುಹಿಸಿದರೂ ಒಬ್ಬರೂ ಉತ್ತರಿಸಿಲ್ಲ. ಅಂಕ ಕಡಿಮೆಯಾಯಿತೇ, ಅಥವಾ ನಾನು ಕೇಳಿದ ರೀತಿಯೇ ಸರಿಯಿಲ್ಲವೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1:
ಇಪ್ಪತ್ತು ಜನರಿಗೂ ಒಂದೇ ಇಮೇಲ್ ಹೋಗಿದ್ದರೆ ತೊಡಕು ಅಲ್ಲಿಯೇ ಇದೆ. ನಾನು ಜೆಆರ್‌ಎಫ್ ಆಗಿದ್ದಾಗ ನಮ್ಮ ಮಾರ್ಗದರ್ಶಕರಿಗೆ ‘ಆಸಕ್ತಿಯಿದೆ, ಅವಕಾಶ ಕೊಡಿ’ ಎನ್ನುವಂಥ ಪತ್ರಗಳು ವಾರಕ್ಕೆ ಹತ್ತಾರು ಬರುತ್ತಿದ್ದವು. ಒಬ್ಬ ವಿದ್ಯಾರ್ಥಿನಿ ಮಾತ್ರ ಅವರ ಲೇಖನವನ್ನು ಓದಿ, ತೇವ ಹೀರಿದ ಮಾದರಿಗಳನ್ನು ಏಕೆ ಪರೀಕ್ಷಿಸಿಲ್ಲವೆಂದು ಎರಡೇ ಸಾಲಿನಲ್ಲಿ ಕೇಳಿದ್ದಳು. ಮರುದಿನವೇ ಅವಳಿಗೆ ಉತ್ತರ ಹೋಯಿತು. ಎರಡು ತಿಂಗಳೂ ಅವಳು ಮಾಡಿದ್ದು ಅದೇ ಕೆಲಸ: ಬಿಸಿನೀರಿನಲ್ಲಿಟ್ಟ ಕಾರ್ಬನ್ ಫೈಬರ್ ತುಂಡುಗಳನ್ನು ದಿನವೂ ಅದೇ ಹೊತ್ತಿಗೆ ಹೊರತೆಗೆದು, ಮೇಲಿನ ನೀರನ್ನು ಒರೆಸಿ, ತೂಗಿ, ಹೆಚ್ಚಿದ ತೂಕವನ್ನು ನೋಟ್‌ಬುಕ್ಕಿನಲ್ಲಿ ದಾಖಲಿಸುವುದು. ಅಷ್ಟು ಅವಧಿಗೆ ಅಷ್ಟು ಸಣ್ಣ ಪ್ರಶ್ನೆಯೇ ಸರಿ.

ಉತ್ತರ 2:
ಮೇಲಿನ ಮಾತು ನಿಜ, ಆದರೆ ಇಂಟರ್ನ್‌ಶಿಪ್ ಮಾಡಿದವರಿಗೆ ಜೆಆರ್‌ಎಫ್ ತಾನಾಗಿ ಸಿಗುವುದಿಲ್ಲ ಎಂಬುದನ್ನು ಈಗಲೇ ತಿಳಿದಿರಿ. ಜೆಆರ್‌ಎಫ್‌ಗೆ ಅರ್ಹತೆ ಕೊಡುವ ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ)-ಯುಜಿಸಿ ನೆಟ್ ಪರೀಕ್ಷೆ ವಿಜ್ಞಾನ ವಿಷಯಗಳಿಗೆ ಸಂಬಂಧಿಸಿದ್ದು. ಎಂಜಿನಿಯರಿಂಗ್ ಪದವೀಧರರಿಗೆ ಸಾಮಾನ್ಯವಾಗಿ ಗೇಟ್ (ಎಂಜಿನಿಯರಿಂಗ್‌ನ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಂಕವೇ ಆಧಾರ, ಅದು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. 2023ರ ಜನವರಿಯಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ನಂತರ ಕೆಲಸದ ಮೌಲ್ಯಮಾಪನವಾಗಿ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಆದರೆ 42,000 ರೂಪಾಯಿ ನಿಗದಿಯಾಗಿದೆ. ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. ಸಿಎಸ್‌ಐಆರ್ ಪ್ರಯೋಗಾಲಯಗಳಲ್ಲಿರುವವರು ಎಸಿಎಸ್‌ಐಆರ್ (ಈ ಪ್ರಯೋಗಾಲಯಗಳಲ್ಲಿ ಸಂಶೋಧನೆ ಮಾಡುವವರಿಗೆ ಪದವಿ ನೀಡುವ ಅಕಾಡೆಮಿ) ಮೂಲಕ ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳಬಹುದು.

ಪರಿಚಯದವರು ಯಾರೂ ಇಲ್ಲದಿದ್ದರೆ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ. ರಕ್ಷಣಾ ಪ್ರಯೋಗಾಲಯವಾದರೆ ಕಾಲೇಜಿನ ಪತ್ರ, ಪ್ರವೇಶದ ಅನುಮತಿ ಇವಕ್ಕೇ ಸಮಯ ಹಿಡಿಯುವುದರಿಂದ ತಿಂಗಳುಗಳ ಮೊದಲೇ ಬರೆಯುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನನ್ನ ಮೇಲ್ ಎಲ್ಲರಿಗೂ ಒಂದೇ ಆಗಿತ್ತು, ಒಪ್ಪುತ್ತೇನೆ. ಕಾಲೇಜಿನಲ್ಲಿ ಗ್ಲಾಸ್ ಫೈಬರ್ ಮಾದರಿಗಳನ್ನು ಎಳೆದು ಪರೀಕ್ಷಿಸಿದಾಗ ಐದರಲ್ಲಿ ಎರಡು ಯಂತ್ರದ ಹಿಡಿತದ ಬಳಿಯೇ ಮುರಿದವು. ಇಂಥ ಕೆಟ್ಟ ಫಲಿತಾಂಶವನ್ನು ಪತ್ರದಲ್ಲಿ ಹೇಳಬಹುದೇ?

ಉತ್ತರ 1 ಬರೆದವರು:
ಅದನ್ನೇ ಮೊದಲು ಹೇಳಿ. ತುದಿಗಳಿಗೆ ಟ್ಯಾಬ್ (ಹಿಡಿತದ ಒತ್ತಡ ತಾಗದಂತೆ ಕಾಪಾಡುವ ಪಟ್ಟಿ) ಅಂಟಿಸಿದ್ದಿರೋ ಇಲ್ಲವೋ, ಹಿಡಿತ ಎಷ್ಟು ಬಿಗಿಯಾಗಿತ್ತು, ಅಲ್ಲಿಯೇ ಏಕೆ ಮುರಿಯಿತೆಂದು ನಿಮಗೆ ಅನ್ನಿಸುತ್ತದೆ ಎಂಬುದನ್ನೂ ಸೇರಿಸಿ, ಮುರಿದ ಎರಡು ತುಂಡುಗಳ ಫೋಟೊ ಲಗತ್ತಿಸಿ.