ಒಟ್ಟೋ ಡಿಕ್ಸ್ ಚಿತ್ರಗಳಲ್ಲಿರುವುದು ಸತ್ಯವೋ, ಕ್ರೌರ್ಯವೋ?

ಹೊಂಗೆಮರ:
ಜರ್ಮನಿಯ ಚಿತ್ರಕಾರ ಒಟ್ಟೋ ಡಿಕ್ಸ್ 1920ರಲ್ಲಿ ಬರೆದ ‘ಬೆಂಕಿಕಡ್ಡಿ ಮಾರುವವ’ ಚಿತ್ರ ನೋಡಿದಾಗಿನಿಂದ ಮನಸ್ಸಿಗೆ ಕಸಿವಿಸಿ. ಮೊದಲ ಮಹಾಯುದ್ಧದಲ್ಲಿ ಕಣ್ಣು, ಕಾಲು ಕಳೆದುಕೊಂಡವನು ಬೀದಿಬದಿ ಕೂತಿದ್ದಾನೆ, ನಾಯಿಯೊಂದು ಅವನ ಮೇಲೆ ಕಾಲೆತ್ತಿದೆ. ನೊಂದವನನ್ನು ಇನ್ನಷ್ಟು ಹೀನಾಯ ಮಾಡಬೇಕಿತ್ತಾ?

ಕರಿಹಲಗೆ:
ನಾಯಿಯನ್ನು ನೋಡಿದಿರಿ, ಪಕ್ಕದ ಕಾಲುಗಳನ್ನು ನೋಡಿದಿರಾ? ಒಳ್ಳೆಯ ಬಟ್ಟೆ ತೊಟ್ಟವರೆಲ್ಲ ಅವನಿಂದ ದೂರ ಓಡುತ್ತಿದ್ದಾರೆ. ಅವರಿಗೆ ಮುಖವನ್ನೇ ಕೊಟ್ಟಿಲ್ಲ ಡಿಕ್ಸ್. ಮುಖ ಇರುವುದು ಕೂತವನಿಗೆ ಮಾತ್ರ. ಹೀನಾಯ ಆದವರು ಯಾರು ಹೇಳಿ.

ಹೊಂಗೆಮರ:
ಸರಿ. ಆದರೆ ಅದೇ ವರ್ಷದ ‘ಯುದ್ಧದ ಅಂಗವಿಕಲರು’? ನಾಲ್ವರು ಮಾಜಿ ಸೈನಿಕರು ಚಪ್ಪಲಿ ಅಂಗಡಿ ಮುಂದೆ ಕೀಲುಗೊಂಬೆಗಳ ಹಾಗೆ ಸಾಲಾಗಿ ಹೋಗ್ತಾರೆ. ಅಲ್ಲಿ ಗೇಲಿ ಇಲ್ಲ ಅಂತ ನನಗೆ ಹೇಳಬೇಡಿ.

ಮಗ್ಗದಮನೆ:
ಗೇಲಿ ಇದೆ. ಆದರೆ ಅದು ಹೊರಗೆ ನಿಂತವನ ಗೇಲಿಯಲ್ಲ. ಡಿಕ್ಸ್ ತಾನಾಗಿ ಸೈನ್ಯ ಸೇರಿದವನು. ಮೆಷಿನ್‌ಗನ್ ಹಿಡಿದು 1916ರಲ್ಲಿ ಫ್ರಾನ್ಸ್‌ನ ಸೋಮ್ ಕದನದಲ್ಲಿದ್ದ, 1918ರಲ್ಲಿ ಕುತ್ತಿಗೆಗೆ ಗಾಯ ಮಾಡಿಕೊಂಡ. ಯುದ್ಧವನ್ನು ಕಣ್ಣಾರೆ ಕಾಣಬೇಕೆಂಬ ಹಸಿವು ಅವನಿಗಿತ್ತು, ಅದನ್ನವನು ಮುಚ್ಚಿಟ್ಟೂ ಇಲ್ಲ. ಹಾಗಾಗಿ ಅವನಿಗೆ ಶಾಂತಿದೂತನ ಪಟ್ಟ ಕಟ್ಟುವುದೂ ನನಗೆ ಒಪ್ಪಿಗೆಯಿಲ್ಲ.

ಕರಿಹಲಗೆ:
ಪಟ್ಟ ಬೇಡ, ಕೆಲಸ ನೋಡೋಣ. 1924ರ ‘ಯುದ್ಧ’ ಸರಣಿಯ 50 ಎಚಿಂಗ್‌ಗಳನ್ನೇ, ಅಂದರೆ ಲೋಹದ ತಗಡಿನಿಂದ ಒತ್ತಿದ ಅಚ್ಚುಚಿತ್ರಗಳನ್ನೇ ತಗೊಳ್ಳಿ. ಎಚಿಂಗ್‌ನಲ್ಲಿ ಆಮ್ಲ ಲೋಹದ ತಗಡನ್ನು ತಿನ್ನಬೇಕು, ಆಗಲೇ ಗೆರೆ ಮೂಡುವುದು. ಹುಳು ಹರಿದಾಡುವ ಆ ತಲೆಬುರುಡೆಯನ್ನು ನೋಡಿದರೆ ತಗಡೂ ಕೊಳೆತಿದೆಯೇನೋ ಅನಿಸುತ್ತದೆ. ಸ್ಪೇನಿನ ಕಲಾವಿದ ಗೋಯಾನ ಯುದ್ಧಚಿತ್ರಗಳ ಪಕ್ಕದಲ್ಲಿಟ್ಟು ನೋಡಬೇಕಾದ ಕೆಲಸ. ಕದನ ಮುಗಿದ ಮೇಲೂ ಎಷ್ಟೋ ವರ್ಷ ಅವನಿಗೆ ಕುಸಿದ ಮನೆಗಳ ಸಂದಿಯಲ್ಲಿ ತೆವಳುವ ಕನಸು ಬೀಳುತ್ತಿತ್ತಂತೆ. ಇಂಥವನು ಅಂದವಾಗಿ ಬರೆದಿದ್ದರೆ ಅದೇ ಸುಳ್ಳಾಗುತ್ತಿತ್ತು.

ಮಗ್ಗದಮನೆ:
ಈ ಚಿತ್ರಗಳಿಗೆ ಹೆದರಿದವರು ಯಾರು ಅನ್ನುವುದನ್ನೂ ನೋಡಿ. 1933ರಲ್ಲಿ ನಾಜಿಗಳು ಅವನನ್ನು ಡ್ರೆಸ್ಡೆನ್ ನಗರದ ಕಲಾ ಅಕಾಡೆಮಿಯ ಪ್ರಾಧ್ಯಾಪಕ ಹುದ್ದೆಯಿಂದ ಕಿತ್ತುಹಾಕಿದರು. ಅವನ ಚಿತ್ರಗಳು ಜರ್ಮನರ ಹೋರಾಡುವ ಛಲ ಕುಗ್ಗಿಸುತ್ತವೆ ಅನ್ನುವುದು ಅವರು ಕೊಟ್ಟ ಕಾರಣಗಳಲ್ಲೊಂದು. ‘ಅಂಗವಿಕಲರು’ ಚಿತ್ರವನ್ನು 1937ರಲ್ಲಿ ‘ಅಧೋಗತಿಯ ಕಲೆ’ ಪ್ರದರ್ಶನದಲ್ಲಿ ಅವಮಾನಿಸಲೆಂದೇ ತೂಗುಹಾಕಿದರು. ಮೂಲ ಚಿತ್ರ ಆಮೇಲೆ ಉಳಿಯಲೇ ಇಲ್ಲ.

ಹೊಂಗೆಮರ:
ನಾಜಿಗಳು ದ್ವೇಷಿಸಿದರು ಅಂದಮಾತ್ರಕ್ಕೆ ನನ್ನ ಪ್ರಶ್ನೆ ಬಿದ್ದುಹೋಗುವುದಿಲ್ಲ.

ಕರಿಹಲಗೆ:
ಖಂಡಿತ ಇಲ್ಲ. ಹಾಗಾದರೆ 1929ರಿಂದ 1932ರವರೆಗೆ ಬರೆದ ‘ಯುದ್ಧ’ ತ್ರಿಫಲಕ, ಅಂದರೆ ಮೂರು ಹಲಗೆ ಜೋಡಿಸಿದ ಚಿತ್ರ ನೋಡಿ, ಈಗ ಡ್ರೆಸ್ಡೆನ್‌ನಲ್ಲಿದೆ. ಹಳೆಯ ಚರ್ಚುಗಳ ಪೂಜಾಪೀಠದ ಚಿತ್ರದಂತೆ ಮರದ ಹಲಗೆಯ ಮೇಲೆ ಪದರ ಪದರವಾಗಿ ಬಣ್ಣ ಕಟ್ಟಿದ್ದಾನೆ. ಎಡಕ್ಕೆ ಮಂಜಿನಲ್ಲಿ ಹೊರಟ ಸೈನಿಕರು, ನಡುವೆ ಛಿದ್ರಗೊಂಡ ಹೆಣಗಳು, ಬಲಕ್ಕೆ ಗಾಯಾಳುವನ್ನು ಎಳೆದು ತರುವ ಒಬ್ಬ. ಆ ಮುಖ ಡಿಕ್ಸ್‌ನದೇ.

ಹೊಂಗೆಮರ:
ಈಗಷ್ಟೇ ನೋಡಿದೆ. ಆ ಬಲಗಡೆಯ ಹಲಗೆಯಲ್ಲಿ ಗೇಲಿಯ ಸುಳಿವೂ ಇಲ್ಲ, ಗಂಟಲು ಕಟ್ಟಿತು. ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ಮಲಗಿದವರು ನಿದ್ದೆಯಲ್ಲಿದ್ದಾರೋ ಸತ್ತಿದ್ದಾರೋ ಇನ್ನೂ ಗೊತ್ತಾಗುತ್ತಿಲ್ಲ. ಆದರೂ ಆ ನಾಯಿಯನ್ನು ನಾನು ಕ್ಷಮಿಸಲಾರೆ.